ಹಪಾಯ ತಪ್ಪಿದ್ದಲ್ಲ

"ಸಹಿ ಹಾಕಿ ಮೇಡಂ. ಒಂದೇ ಒಂದು ಸಹಿ. ಆಮೇಲೆ ಎಲ್ರೂ ಕಾಫಿ ಕುಡಿಯೋಣ."

ಪ್ರಿನ್ಸಿಪಾಲ್ ವೆಂಕಟರಂಗಯ್ಯನವರು ಹಾಳೆಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು. ಆ ಮೇಜು ಎಷ್ಟು ಉದ್ದವೆಂದರೆ, ಹಾಳೆ ಈ ತುದಿ ಮುಟ್ಟುವಷ್ಟರಲ್ಲಿ ನಡೆದುಕೊಂಡು ಗೂಳೂರಿಗೆ ಹೋಗಿ ಬರಬಹುದಿತ್ತು.

ಶಾಹೀನ್ ಪೆನ್ನು ಮುಟ್ಟಲಿಲ್ಲ. ಅವಳು ಆ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಆರು ವರ್ಷದಿಂದ ಅತಿಥಿ. ಅಷ್ಟು ದಿನ ಕೂತ ಅತಿಥಿಗೆ ಬೇರೆ ಯಾರ ಮನೆಯಲ್ಲಾದರೂ ಪೊರಕೆ ತೋರಿಸಿರುತ್ತಿದ್ದರು. ಇಲ್ಲಿ ವರ್ಷಕ್ಕೊಂದು ಆರ್ಡರ್ ಕೊಟ್ಟು ಮತ್ತೆ ಕೂರಿಸುತ್ತಿದ್ದರು. ಈ ವರ್ಷದ ಆರ್ಡರ್ ಇನ್ನೂ ಪ್ರಿನ್ಸಿಪಾಲರ ಡ್ರಾಯರಿನೊಳಗೇ ಇತ್ತು.

ಬಾಗಿಲ ಬಳಿ ಅರ್ಫಾತ್ ನಿಂತಿದ್ದ. ಫೈನಲ್ ಬಿ.ಎ. ಓದುವ ಆರಡಿ ಆಳು, ಅಂದು ಮೂರಡಿಗೆ ಕುಗ್ಗಿದ್ದ. ಅವರಪ್ಪನದು ಹಾಸಿಗೆ ಅಂಗಡಿ. ಅವನ ಶರ್ಟಿನ ಕಾಲರಿನಲ್ಲಿ ಸದಾ ಒಂದು ತಲೆದಿಂಬಿಗಾಗುವಷ್ಟು ಹತ್ತಿ ಅಂಟಿಕೊಂಡಿರುತ್ತಿತ್ತು.

ಶನಿವಾರ ಸ್ಟಾಫ್ ರೂಮಿನ ಬೀರುವಿನಿಂದ ಫೈನಲ್ ಬಿ.ಎ. ಇಂಟರ್ನಲ್ ಟೆಸ್ಟಿನ ಉತ್ತರಪತ್ರಿಕೆಗಳ ಕಟ್ಟು ಮಾಯವಾಗಿತ್ತು, ಇವತ್ತು ಬೆಳಿಗ್ಗೆ ಪ್ರಿನ್ಸಿಪಾಲರ ಬಾಗಿಲ ಸಂದಿಯಲ್ಲಿ ಒಂದು ಬೆದರಿಕೆ ಪತ್ರ ಸಿಕ್ಕಿತ್ತು.

ಆ ಪತ್ರ ಈಗ ಗಾಜಿನ ಪೇಪರ್ ವೇಟ್ ಕೆಳಗೆ ಮಲಗಿತ್ತು. ಮೇಲ್ಭಾಗ ಹರಿದ ಅರ್ಧ ಹಾಳೆ. ಒಂದನೇ ಕ್ಲಾಸಿನ ಮಕ್ಕಳು ಕಾಪಿ ಬರೆದಂಥ ದುಂಡನೆಯ ಅಕ್ಷರ.

"ಪ್ರಿನ್ಸಿಪಾಲರಿಗೆ. ಉತ್ತರಪತ್ರಿಕೆಯ ಕಟ್ಟು ನಮ್ಮ ಹತ್ತಿರ ಇದೆ. ಅಂಕ ಕಡಿಮೆ ಬಂತು ಅಂತ ನಮ್ಮ ಅಮ್ಮ ಅತ್ತನು. ಅಜ್ಜಿ ಊಟ ಬಿಟ್ಟನು. ಮೇಡಂ ಮಾತ್ರ ನಕ್ಕನು. ಅಂಕ ತಿದ್ದಿ ಕೊಡಿ. ಇಲ್ಲದಿದ್ದರೆ ಕಟ್ಟು ಸುಟ್ಟು ಬೂದಿಯಾಗುತ್ತದೆ. ಆಮೇಲೆ ನಿಮಗೂ ಹಪಾಯ ತಪ್ಪಿದ್ದಲ್ಲ."

ಕೊನೆಯ ಸಾಲಿನಲ್ಲಿ 'ಹಪಾಯ'ದ ಹಕಾರಕ್ಕೆ ಯಾರೋ ಹಸಿರು ಇಂಕಿನಲ್ಲಿ ಸೊನ್ನೆ ಸುತ್ತಿ, ಮೇಲೆ 'ಅ' ಎಂದು ಬರೆದಿದ್ದರು.

ಪ್ರಿನ್ಸಿಪಾಲರ ತರ್ಕ ನೇರವಾಗಿತ್ತು. ವಿದ್ಯಾರ್ಥಿಗಳು ಒಬ್ಬರ ಬರಹವನ್ನು ಇನ್ನೊಬ್ಬರು ತಿದ್ದುವ ಪಾಠ ಇಡೀ ಕಾಲೇಜಿನಲ್ಲಿ ಶಾಹೀನಳ ಕ್ಲಾಸಿನಲ್ಲಿ ಮಾತ್ರ ನಡೆಯುತ್ತದೆ, ಅಲ್ಲಿ ಎಲ್ಲರ ಕೈಯಲ್ಲೂ ಹಸಿರು ಪೆನ್ನೇ. ಕೆಂಪು ಕಂಡರೆ ಮಕ್ಕಳು ಹೆದರುತ್ತಾರೆಂದು ಶಾಹೀನಳೇ ಮಾಡಿದ ನಿಯಮ. ಆ ಕ್ಲಾಸಿನಲ್ಲಿ ಇಂಥ ಕನ್ನಡ ಬರೆಯುವವನು ಅರ್ಫಾತ್. ಇಂಟರ್ನಲ್‌ನಲ್ಲಿ ಇಪ್ಪತ್ತಕ್ಕೆ ನಾಲ್ಕು ತೆಗೆದವನೂ ಅರ್ಫಾತ್. ಸಂಜೆ ನಾಲ್ಕಕ್ಕೆ ಶಿಸ್ತು ಸಮಿತಿ ಸೇರುತ್ತದೆ. ಬರುವ ಸೋಮವಾರದ ಪರೀಕ್ಷೆಗೆ ಅವನನ್ನು ಕೂರಿಸುವುದಿಲ್ಲ. ಇದು ಅವನ ಕನ್ನಡವೇ ಎಂದು ಭಾಷೆಯ ಟೀಚರ್ ಒಂದು ಅಭಿಪ್ರಾಯ ಬರೆದುಕೊಟ್ಟರೆ ಸಾಕು.

"ನೀವೂ ಅವರ ಪೈಕಿನೇ," ಎಂದರು ವೆಂಕಟರಂಗಯ್ಯ, ಮದುವೆಗೆ ಕರೆಯುವಷ್ಟು ಮೆತ್ತಗೆ. "ಅವರು ಮಾಡೋ ತಪ್ಪು ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಾಗುತ್ತೆ ಹೇಳಿ."

ಶಾಹೀನ್ ಅರ್ಫಾತ್ ಕಡೆ ತಿರುಗಿದಳು. ಶನಿವಾರ ಎಲ್ಲಿದ್ದೆ ಎಂದು ಕೇಳಿದಳು.

"ಕಾಲೇಜಿಗೇ ಬಂದಿಲ್ಲ ಮೇಡಂ. ಅಂಗಡೀಲಿ ಹತ್ತಿ ಮಿಷನ್ ಕೆಟ್ಟೋದ. ಅವನನ್ನ ಬಿಚ್ಚೋ ಹೊತ್ತಿಗೆ ಕರೆಂಟ್ ಹೋದ. ಸಾಯಂಕಾಲದವರೆಗೂ ಅಲ್ಲೇ ಇದ್ದೆ."

ಪ್ರಿನ್ಸಿಪಾಲರು ನಕ್ಕರು. ಕೇಳಿದ್ರಾ, ಬೇರೆ ಸಾಕ್ಷಿ ಯಾಕೆ ಬೇಕು ಎಂಬಂತೆ ಕೈ ಚೆಲ್ಲಿದರು.

ಶಾಹೀನ್ ಮಾತ್ರ ನಗಲಿಲ್ಲ. ನಾಲ್ಕು ಗಂಟೆಯವರೆಗೆ ಸಮಯ ಬೇಕು ಅಂದಳು, ಪತ್ರದ ಫೋಟೋ ತೆಗೆದುಕೊಂಡಳು, ಎದ್ದಳು.

*

ಲೈಬ್ರರಿಯಲ್ಲಿ ಫ್ಯಾನು ತಿರುಗುತ್ತಿತ್ತು. ಗಾಳಿ ಮಾತ್ರ ಬರುತ್ತಿರಲಿಲ್ಲ. ಅದು ಕಾಲೇಜು ಶುರುವಾದಾಗಿನಿಂದ ಹಾಗೇ.

ಪಕ್ಕದಲ್ಲಿ ಸಂಧ್ಯಾ ಬಂದು ಕೂತಳು. ಕನ್ನಡ ವಿಭಾಗದ ಖಾಯಂ ಉಪನ್ಯಾಸಕಿ. ಆರು ವರ್ಷದಿಂದ ಇಬ್ಬರದೂ ಅಕ್ಕಪಕ್ಕದ ಕುರ್ಚಿ, ಒಂದೇ ಉಪ್ಪಿನಕಾಯಿ ಡಬ್ಬಿ. ಸಂಧ್ಯಾ ಬಂದದ್ದೂ ಸಹಿಯ ವಿಷಯಕ್ಕೇ. ಹುಡುಗನ ಒಂದು ವರ್ಷ ಹೋದರೆ ಮುಂದಿನ ವರ್ಷ ಕಟ್ಟಿಕೊಳ್ಳುತ್ತಾನೆ, ನಿನ್ನ ಆರ್ಡರ್ ಹೋದರೆ ಎಲ್ಲಿ ಹುಡುಕುತ್ತೀಯ ಎಂದಳು.

"ಸಹಿ ಹಾಕ್ಬಿಡು ಕಣೇ. ನೀನು ಹಾಕ್ದೇ ಇದ್ರೂ ಅವನನ್ನ ಬಿಡಲ್ಲ."

ಯೋಚನೆ ಮಾಡುತ್ತೇನೆ ಎಂದಳು ಶಾಹೀನ್. ಸಂಧ್ಯಾ ಅವಳ ಭುಜ ಒತ್ತಿ ಹೋದಳು.

ಶಾಹೀನ್ ಫೋನಿನ ಫೋಟೋ ಮುಂದಿಟ್ಟುಕೊಂಡು, ಬ್ಯಾಗಿನಿಂದ ಅರ್ಫಾತನ ನೋಟ್‌ಬುಕ್ ತೆಗೆದಳು. ಎರಡು ವರ್ಷದ ಬರಹ. ಅದರಲ್ಲಿದ್ದ ಹಸಿರು ಇಂಕನ್ನು ಬಸಿದರೆ ಒಂದು ಕೆರೆ ತುಂಬುತ್ತಿತ್ತು.

'ಬಸ್ಸು ಬಂದ.' 'ಫೋನು ಬಿದ್ದ.' 'ಬೀಗ ಕಳೆದುಹೋದ.' 'ನನ್ನ ಸೈಕಲ್ಲು ಪಂಚರ್ ಆದ, ಅವನನ್ನು ತಳ್ಳಿಕೊಂಡು ಬಂದೆ.'

ಆಮೇಲೆ ಅವಳು ಹುಡುಕಿದ್ದು 'ಅಮ್ಮ' ಎಂಬ ಪದ. ಹನ್ನೊಂದು ಕಡೆ ಸಿಕ್ಕಿತು. ಅಮ್ಮ ಬಂದಳು. ಅಮ್ಮ ಬೈದಳು. ಅಮ್ಮ ಹಾಸಿಗೆ ಹೊಲಿದಳು. ಹನ್ನೊಂದರಲ್ಲಿ ಹನ್ನೊಂದೂ ಸರಿ.

ಶಾಹೀನ್ ಬೆನ್ನು ಹಿಂದಕ್ಕೆ ಒರಗಿಸಿದಳು.

ಅವಳ ಮನೆಯಲ್ಲೂ ಉರ್ದುವೇ. ಆ ಮಾತಿನಲ್ಲಿ ಜಗತ್ತಿನ ಸಕಲ ವಸ್ತುವಿಗೂ ಗಂಡು ಹೆಣ್ಣು ಉಂಟು. ಕುರ್ಚಿ ಹೆಣ್ಣು, ಮನೆ ಗಂಡು. ಆ ಮನೆಯಿಂದ ಬಂದ ಮಕ್ಕಳಿಗೆ ಕನ್ನಡದ 'ಬಂತು, ಹೋಯಿತು' ಹತ್ತುವುದಿಲ್ಲ. ಬಸ್ಸನ್ನೂ ಬೀಗವನ್ನೂ ಅಣ್ಣತಮ್ಮಂದಿರನ್ನಾಗಿ ಮಾಡಿಬಿಡುತ್ತಾರೆ. ಆದರೆ ಹೆತ್ತ ತಾಯಿಯನ್ನು ಗಂಡಸು ಮಾಡುವವರು ಆ ಭಾಷೆಯಲ್ಲೂ ಇಲ್ಲ, ಇನ್ನಾವ ಭಾಷೆಯಲ್ಲೂ ಇಲ್ಲ. ಅದು ಕಾಮಿಡಿ ಶೋಗಳಲ್ಲಿ ಟೋಪಿ ಹಾಕಿಕೊಂಡು ಬರುವವನ ಕನ್ನಡ.

ಪತ್ರದಲ್ಲಿ ಎಲ್ಲ ತಲೆಕೆಳಗಾಗಿತ್ತು. ಅಮ್ಮ ಅತ್ತನು, ಅಜ್ಜಿ ಬಿಟ್ಟನು. ಕಟ್ಟು ಮಾತ್ರ 'ಇದೆ', 'ಬೂದಿಯಾಗುತ್ತದೆ'. ಮನುಷ್ಯರ ಹತ್ತಿರ ತಪ್ಪಿದ ಕೈ ವಸ್ತುಗಳ ಹತ್ತಿರ ಒಮ್ಮೆಯೂ ತಪ್ಪಿರಲಿಲ್ಲ.

ಬರೆದವರು ಅರ್ಫಾತನಂತೆ ಬರೆಯಲು ಹೋದವರು. ಅರ್ಫಾತ್ ಅಲ್ಲ.

ಇಷ್ಟನ್ನು ಸಮಿತಿಯ ಮುಂದೆ ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕಾಮರ್ಸಿನವರು ಆಕಳಿಸುತ್ತಾರೆ. ವ್ಯಾಕರಣ ಕೇಳಿ ಯಾರನ್ನೂ ಬಿಟ್ಟು ಕಳಿಸಿದ ಸಮಿತಿ ಭೂಮಿಯ ಮೇಲಿಲ್ಲ. ಹೆಸರು ಬೇಕು.

ಅವಳು ಹಸಿರು ಸೊನ್ನೆಯನ್ನು ದೊಡ್ಡದು ಮಾಡಿ ನೋಡಿದಳು. ಅದರ ಕೆಳಗೆ ಎರಡು ಸಣ್ಣ ಚುಕ್ಕಿಗಳಿದ್ದವು, ಹಾವು ಕಚ್ಚಿದ ಗುರುತಿನ ಹಾಗೆ.

ತಿದ್ದಿದ ಮೇಲೆ ಎರಡು ಚುಕ್ಕಿ ಇಡುವ ಅಭ್ಯಾಸ ಆ ಕ್ಲಾಸಿನಲ್ಲಿ ಒಬ್ಬಳಿಗೇ. ಯಶಸ್ವಿನಿ. ಕ್ಲಾಸಿನ ಅತಿ ಕ್ರೂರ ತಿದ್ದುಗಾತಿ. ಅವಳ ಕೈಗೆ ಕೊಟ್ಟರೆ ಲಗ್ನಪತ್ರಿಕೆಯನ್ನೂ ವಧೂವರರ ಸಮೇತ ತಿದ್ದಿ ವಾಪಸ್ ಕಳಿಸುತ್ತಿದ್ದಳು. ಅಂಥವಳು 'ಹಪಾಯ' ಒಂದನ್ನು ತಿದ್ದಿ, 'ಅಮ್ಮ ಅತ್ತನು, ಅಜ್ಜಿ ಬಿಟ್ಟನು, ಮೇಡಂ ನಕ್ಕನು' ಮೂರನ್ನೂ ಹಾಗೇ ಬಿಟ್ಟಿದ್ದಳು.

ಕಣ್ಣು ತಪ್ಪಿ ಬಿಟ್ಟದ್ದಲ್ಲ. ಆ ಮೂರೂ ಬೇಕೆಂದೇ ಮಾಡಿದ ತಪ್ಪುಗಳೆಂದು ಅವಳಿಗೆ ಗೊತ್ತಿತ್ತು.

ಹಾಜರಿ ಪುಸ್ತಕ ನೋಡಿದರೆ ಯಶಸ್ವಿನಿ ಅಂದು ಗೈರು.

*

ಗುಬ್ಬಿ ಬಸ್ ಸ್ಟ್ಯಾಂಡಿನ ಎದುರು ಯಶಸ್ವಿನಿಯ ಅಮ್ಮ ಪುಟ್ಟತಾಯಮ್ಮನ ಇಡ್ಲಿ ಅಂಗಡಿ. ಅವರ ಊರು ಸಿ.ಎಸ್. ಪುರದ ಕಡೆ. ಮಗಳ ಓದಿಗೆಂದು ಗುಬ್ಬಿಯಲ್ಲಿ ಮನೆ ಮಾಡಿ, ಮನೆಯ ಮುಂದಿನ ಅರ್ಧವನ್ನು ಅಂಗಡಿ ಮಾಡಿಕೊಂಡಿದ್ದರು. ಶಾಹೀನ್ ಇಳಿಯುವಾಗ ಒಂದೂವರೆ ಗಂಟೆ. ಬಸ್ಸು ದಾರಿಯಲ್ಲಿ ಕಂಡ ಕಲ್ಲಿಗೆಲ್ಲ ನಿಂತು ಯೋಗಕ್ಷೇಮ ವಿಚಾರಿಸಿತ್ತು.

"ಬನ್ನಿ ಮೇಡಮ್ಮೋರೆ, ಕುಂತ್ಕಳಿ. ಎಲ್ಡು ಇಡ್ಲಿ ಆಕ್ಲಾ?"

ಬೇಡ ಅಂದರೂ ನಾಲ್ಕು ಬಂದವು. ಒಂದೊಂದೂ ಆಟೋದ ಸ್ಟೆಪ್ನಿಯಷ್ಟಿತ್ತು. ಪುಟ್ಟತಾಯಮ್ಮ ಎದುರಿಗೇ ಕೂತು ಮಗಳ ಮೇಲಿನ ದೂರನ್ನೆಲ್ಲ ಒಪ್ಪಿಸಿದರು. ಬೆಳಿಗ್ಗೆಯಿಂದ ರೂಮಿನಿಂದ ಈಚೆಗೆ ಬಂದಿಲ್ಲ, ಫೋನು ನೋಡುತ್ತಾಳೆ, ಅಳುತ್ತಾಳೆ, ಕೇಳಿದರೆ ಸಿಡುಕುತ್ತಾಳೆ.

"ನೀವು ಅದೇನು ಕಲ್ಸಿದ್ರೋ ಮೇಡಮ್ಮೋರೆ, ಈಗ ನನ್ನೇ ತಿದ್ತಾಳೆ. ಆಲು ಅಲ್ಲ ಕಣಮ್ಮ, ಹಾಲು ಅನ್ನು ಅಂತಾಳೆ. ನಾನು ಆಲು ಅಂದ್ರೆ ಎಮ್ಮೆ ಕೊಡಾಕಿಲ್ವಾ?"

ಶಾಹೀನ್ ಗಮನವಿಟ್ಟು ಕೇಳಿದಳು. ಆಯಮ್ಮನ ಬಾಯಲ್ಲಿ ಹಕಾರವೇ ಇರಲಿಲ್ಲ. ಹಾಲು, ಹಸು, ಹುಡುಗಿ ಎಲ್ಲವೂ ತಲೆ ಬೋಳಿಸಿಕೊಂಡು ಬರುತ್ತಿದ್ದವು. ಆದರೆ ಇಲ್ಲದ ಕಡೆ ಒಂದು ಹಕಾರವನ್ನೂ ಆಕೆ ತಂದು ಸೇರಿಸಲಿಲ್ಲ. ಅಪಾಯವನ್ನು 'ಹಪಾಯ' ಮಾಡುವುದು ಬೇರೆ ಜಾತಿಯ ತಪ್ಪು. ಹಕಾರ ಬಿಟ್ಟಿದ್ದಕ್ಕೆ ಎಲ್ಲೋ ನಾಲ್ಕು ಜನರ ಮುಂದೆ ನಗೆಪಾಟಲಾಗಿ, ಅಂದಿನಿಂದ ಹೆದರಿ ಹೆದರಿ ಸಿಕ್ಕಲ್ಲೆಲ್ಲ ಹಕಾರ ಅಂಟಿಸುವವರ ತಪ್ಪು ಅದು. ಪುಟ್ಟತಾಯಮ್ಮ ಹುಟ್ಟಿದಾಗಿನಿಂದ ಯಾರಿಗೂ ಹೆದರಿದವರಲ್ಲ.

ಒಳಗಿನಿಂದ ಯಶಸ್ವಿನಿ ಬಂದು ಬಾಗಿಲಿಗೆ ಆತು ನಿಂತಳು. ಕಣ್ಣು ಟೊಮ್ಯಾಟೋ ಆಗಿತ್ತು.

ಶಾಹೀನ್ ಫೋನು ತೆಗೆದು ಎರಡು ಚುಕ್ಕಿ ತೋರಿಸಿದಳು. ಬೈಯಲಿಲ್ಲ. ಈ ಚುಕ್ಕಿ ಯಾರದ್ದಮ್ಮ ಎಂದಷ್ಟೇ ಕೇಳಿದಳು.

"ನಂದೇ ಮೇಡಂ. ತಿದ್ದಿದ್ದು ನಾನು. ಬರ್ದಿದ್ದು ನಾನಲ್ಲ."

"ಹಪಾಯ ತಿದ್ದಿದೀಯ. ಅಜ್ಜಿ ಬಿಟ್ಟನು ಅನ್ನೋದನ್ನ ಯಾಕೆ ಬಿಟ್ಟೆ?"

"ಬಿಡಿ ಅಂತ ಅಲ್ಲೇ ಬರ್ದಿತ್ತಲ್ಲ ಮೇಡಂ."

ಪುಟ್ಟತಾಯಮ್ಮ ಸೌಟು ಕೆಳಗಿಟ್ಟರು. ಶಾಹೀನ್ ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿದಳು. ಯಶಸ್ವಿನಿ ಕೂತು, ಮೂಗು ಒರೆಸಿಕೊಂಡು, ಒಂದೊಂದಾಗಿ ಹೇಳಿದಳು.

ಅದು ಪತ್ರವೇ ಅಲ್ಲ. ವಾದ ಎಂದರೇನು, ಬೆದರಿಕೆ ಎಂದರೇನು ಎಂದು ಶಾಹೀನ್ ಪಾಠ ಮಾಡಿದ್ದಳಲ್ಲ, ಅದರ ಅಭ್ಯಾಸ. ಕಾರಣ ಕೊಡದೆ ಬರೀ ಹೆದರಿಸುವ ಒಂದು ಪ್ಯಾರಾ ಬರೆಯಬೇಕು. ಹೆಸರು ಹಾಕಬಾರದು, ನಂಬರ್ ಮಾತ್ರ. ಹಾಳೆಗಳನ್ನು ಕಲಸಿ ಹಂಚಬೇಕು. ಪಡೆದವರು ತಪ್ಪು ತಿದ್ದಿ, ಎಲ್ಲಿ ಕಾರಣ ಇದೆ, ಎಲ್ಲಿ ಬರೀ ಭಯ ಇದೆ ಎಂದು ಗುರುತು ಹಾಕಬೇಕು. ಯಶಸ್ವಿನಿಯ ಕೈಗೆ ಈ ಹಾಳೆ ಬಂದಿತ್ತು. ತಿದ್ದಿ ವಾಪಸ್ ಕೊಟ್ಟಳು, ಮರೆತಳು. ಇವತ್ತು ಬೆಳಿಗ್ಗೆ ಕ್ಲಾಸಿನ ಗ್ರೂಪಿನಲ್ಲಿ ಯಾರೋ ಪತ್ರದ ಫೋಟೋ ಹಾಕಿದಾಗ ತನ್ನ ಚುಕ್ಕಿ ಕಂಡು, ಕಾಲೇಜಿನ ಬಸ್ಸು ಹತ್ತದೆ ರೂಮು ಸೇರಿದಳು.

"ನನ್ನನ್ನೂ ಡಿಬಾರ್ ಮಾಡ್ತಾರೆ ಅನ್ಕೊಂಡೆ ಮೇಡಂ. ಅರ್ಫಾತ್ ಹೆಸರು ಬಂದ್ಮೇಲಂತೂ..."

ಉಳಿದದ್ದನ್ನು ಪುಟ್ಟತಾಯಮ್ಮ ಹೇಳಿದರು.

"ಆ ಹತ್ತಿ ಹುಡ್ಗನ ತಲೆಗೆ ಬರ್ಲಿ ಅಂತ ಒಳಗೆ ಕುಂತಿದ್ಯಾ ನೀನು? ಥೂ, ನಿನ್ನ ಓದಿಗೆ."

ಅಂದಹಾಗೆ ಪುಟ್ಟತಾಯಮ್ಮ 'ಹತ್ತಿ'ಯ ಹಕಾರ ಉಚ್ಚರಿಸಿದ್ದನ್ನು ಇಬ್ಬರೂ ಗಮನಿಸಲಿಲ್ಲ. ಸಿಟ್ಟು ಬಂದರೆ ಆಯಮ್ಮನ ಉಚ್ಚಾರಣೆ ಆಕಾಶವಾಣಿಯಾಗುತ್ತಿತ್ತು.

ಶಾಹೀನ್ ಆ ಹಾಳೆ ಪೂರ್ತಿ ಹೇಗಿತ್ತು ಎಂದು ಕೇಳಿದಳು. ಯಶಸ್ವಿನಿ ತಿದ್ದಿದ ಹಾಳೆಗಳನ್ನೆಲ್ಲ ಫೋಟೋ ಹೊಡೆದು ಇಟ್ಟುಕೊಳ್ಳುವವಳು. ಫೋನಿನಲ್ಲಿ ಹಿಂದಕ್ಕೆ, ಹಿಂದಕ್ಕೆ ಸರಿಸಿ ಒಂದು ಚಿತ್ರ ತೆರೆದಳು.

ಅದೇ ದುಂಡನೆಯ ಅಕ್ಷರ. ಆದರೆ ಹಾಳೆ ಹರಿದಿರಲಿಲ್ಲ. ಮೇಲೆ ಒಂದು ಸಾಲಿತ್ತು. 'ನಾಟಕದ ಮಾತು. ಪಾತ್ರ ಮಾತಾಡುವ ರೀತಿ ಹೀಗೇ, ತಿದ್ದಬೇಡಿ.' ಬಲಗಡೆ ಮೂಲೆಯಲ್ಲಿ ನಂಬರ್. ೪೧.

ಫೋಟೋ ತೆಗೆದ ದಿನ ಕಟ್ಟು ಕಳುವಾದದ್ದಕ್ಕಿಂತ ಹತ್ತು ದಿನ ಹಿಂದಿನದು.

ಕಳ್ಳತನ ಆಗುವ ಮೊದಲೇ ಕಳ್ಳನ ಪತ್ರ ತಯಾರಾಗಿ, ತಿದ್ದುಪಡಿಯನ್ನೂ ಮುಗಿಸಿಕೊಂಡು ಕೂತಿತ್ತು. ಸರಕಾರದ ಯಾವ ಕಡತವೂ ಇಷ್ಟು ಬೇಗ ತಯಾರಾದದ್ದಿಲ್ಲ.

"ನಮ್ಮ ಕ್ಲಾಸಲ್ಲಿ ಇರೋದು ನಲವತ್ತೇ ಜನ," ಎಂದಳು ಶಾಹೀನ್.

"ಹೌದು ಮೇಡಂ."

"ಹಾಗಾದ್ರೆ ನಲವತ್ತೊಂದು ಯಾರು?"

ಯಶಸ್ವಿನಿ ಅಮ್ಮನನ್ನು ನೋಡಿದಳು. ಅಮ್ಮ ಕಣ್ಣಲ್ಲೇ ಹೇಳು ಅಂದರು.

ಆ ದಿನ ಶಾಹೀನ್ ಕ್ಲಾಸಿನಲ್ಲಿರಲಿಲ್ಲ. ಬೇರೆ ಕಾಲೇಜಿನ ಪರೀಕ್ಷೆಯ ಡ್ಯೂಟಿಗೆಂದು ಅವಳನ್ನು ಕುಣಿಗಲ್‌ಗೆ ಕಳಿಸಿದ್ದರು. ಕ್ಲಾಸು ಖಾಲಿ ಬಿಡಬಾರದೆಂದು ಒಬ್ಬರು ಬಂದು ಕೂತರು. ಬೋರ್ಡಿನ ಮೇಲಿದ್ದ ಅಭ್ಯಾಸವನ್ನು ಓದಿದರು, ನಾನೂ ಇವತ್ತು ನಿಮ್ಮ ಹಾಗೇ ಸ್ಟೂಡೆಂಟು ಎಂದು ನಕ್ಕರು, ಕೊನೆಯ ಬೆಂಚಿನಲ್ಲಿ ಕೂತು ತಾವೂ ಒಂದು ಹಾಳೆ ಬರೆದರು. ಹಂಚಿದ್ದು ಅವರೇ. ವಾಪಸ್ ತೆಗೆದುಕೊಂಡು ಹೋದದ್ದೂ ಅವರೇ.

"ಪ್ರಿನ್ಸಿಪಾಲ್ ಸರ್, ಮೇಡಂ."

ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ತುಮಕೂರ್ ತುಮಕೂರ್ ಎಂದು ಜಪ ಮಾಡುತ್ತಿದ್ದ. ವೆಂಕಟರಂಗಯ್ಯನವರು ಫೈಲುಗಳನ್ನೆಲ್ಲ ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಅವರ ಕನ್ನಡ ಅಕ್ಷರವನ್ನು ಕಾಲೇಜಿನಲ್ಲಿ ಕಂಡವರಿಲ್ಲ. ನಾಲ್ಕಕ್ಕೆ ಸೇರುವ ಸಮಿತಿಗೆ ಅಧ್ಯಕ್ಷರೂ ಅವರೇ. ಅವರು ಬರೆದದ್ದೆಂದು ಅವರಿಗೇ ಹೇಳಬೇಕು.

ಹಾಗೆ ಹೇಳಲು ಅವಳ ಒಬ್ಬಳ ಮಾತು ಸಾಲದು. ಬರುತ್ತೀಯಾ ಎಂದು ಯಶಸ್ವಿನಿಯನ್ನು ಕೇಳಿದಳು. ಪುಟ್ಟತಾಯಮ್ಮ ಆಗಲೇ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಬೀಗದ ಕೈ ಹುಡುಕುತ್ತಿದ್ದರು.

"ಅವ್ಳೂ ಬತ್ತಾಳೆ, ನಾನೂ ಬತ್ತೀನಿ. ಪ್ರಿನ್ಸಿಪಾಲ್ರು ಇಡ್ಲಿ ತಿನ್ನಾಕಿಲ್ವಾ, ನೋಡೇ ಬುಡಾನ."

ಇಡ್ಲಿ ಪಾತ್ರೆಯನ್ನೂ ಹೊತ್ತುಕೊಂಡೇ ಹೊರಟರು.

ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುವಾಗ ಶಾಹೀನಳ ಫೋನು ಸದ್ದು ಮಾಡಿತು. ಎರಡು ಗಂಟೆ ಇಪ್ಪತ್ತು ನಿಮಿಷ. ಸಂಧ್ಯಾಳ ಮೆಸೇಜು.

'ಅರ್ಫಾತ್ ಒಪ್ಪಿಕೊಂಡ; ಸಹಿಯೂ ಆಯಿತು. ಮೀಟಿಂಗ್ ಮೂರಕ್ಕೇ ಇಟ್ಟಿದ್ದಾರೆ. ನೀನು ಬರೋದು ಬೇಡ, ನಿನ್ನ ಆರ್ಡರ್ ಉಳೀತು.'

ಜೊತೆಗೆ ಒಂದು ಫೋಟೋ. ಅಕ್ಷರ ಅರ್ಫಾತನದೇ, ಅನುಮಾನವಿಲ್ಲ.

'ಶನಿವಾರ ನಾನು ಸ್ಟಾಫ್ ರೂಮಿಗೆ ಹೋಗಿದ್ದು ನಿಜ; ಬೀರು ತೆರೆದಿತ್ತು. ಕಟ್ಟು ಸಿಕ್ಕಿತು; ತೆಗೆದುಕೊಂಡು ಹೋಗಿ ಸುಟ್ಟೆ. ಪತ್ರವನ್ನು ಬರೆದವನೂ ನಾನೇ. ಇದರಲ್ಲಿ ಶಾಹೀನ್ ಮೇಡಂ ಅವರ ಕೈವಾಡವಿಲ್ಲ.'

ಶಾಹೀನಳ ಕೈವಾಡ ಇದೆಯೆಂದು ಈವರೆಗೆ ಯಾರೂ ಹೇಳಿರಲಿಲ್ಲ. ಅರ್ಫಾತನ ಹತ್ತಿರ ಯಾರೋ ಹೇಳಿದ್ದರು. ಅವನು ಯಾಕೆ ಸಹಿ ಹಾಕಿದನೆಂದು ಆ ಒಂದು ಸಾಲು ಓದಿದರೆ ಸಾಕಿತ್ತು.

ಅವಳು ಇನ್ನೊಮ್ಮೆ ಓದಿದಳು. ಈ ಸಲ ಟೀಚರಾಗಿ ಓದಿದಳು. ಬೀರು ತೆರೆದಿತ್ತು. ಕಟ್ಟು ಸಿಕ್ಕಿತು. ಬೀರು 'ತೆರೆದಿದ್ದ' ಅಲ್ಲ, ಕಟ್ಟು 'ಸಿಕ್ಕಿದ' ಅಲ್ಲ. ಎರಡು ವರ್ಷದಲ್ಲಿ ಅರ್ಫಾತ್ ಒಂದೂ ತಪ್ಪಿಲ್ಲದೆ ಬರೆದ ಮೊದಲ ಹಾಳೆ ಇದು. ಯಾರೋ ಪಕ್ಕದಲ್ಲಿ ನಿಂತು ಅಕ್ಷರ ಅಕ್ಷರ ಹೇಳಿ ಬರೆಸಿದ್ದಾರೆ.

ಹಪಾಯ ಬರೆಯುವವರು ಇದನ್ನು ಬರೆಸಿರಲಾರರು.

ಅವಳ ಕಣ್ಣು ಎರಡು ಕಡೆ ನಿಂತಿತು. 'ನಿಜ' ಆದ ಮೇಲೆ, 'ಸಿಕ್ಕಿತು' ಆದ ಮೇಲೆ. ಚುಕ್ಕಿಯ ಕೆಳಗೊಂದು ಬಾಲ. ಅರ್ಧವಿರಾಮ. ಅದನ್ನು ಅವಳು ಆ ಕ್ಲಾಸಿಗೆ ಇನ್ನೂ ಕಲಿಸಿಯೇ ಇರಲಿಲ್ಲ. ಅದು ಕೆಳಗೋ ಮೇಲೋ ಎಂಬುದು ಕೂಡ ಅರ್ಫಾತನಿಗೆ ಗೊತ್ತಿಲ್ಲ. ಇಡೀ ಕಾಲೇಜಿನಲ್ಲಿ ಕನ್ನಡದಲ್ಲಿ ಅರ್ಧವಿರಾಮ ಹಾಕಿ ಬರೆಯುವವರು ಇಬ್ಬರೇ. ಒಬ್ಬಳು ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತಿದ್ದಳು.

ಶಾಹೀನ್ ಬೆರಳಿನಿಂದ ಫೋಟೋ ಸರಿಸಿ, ಮೇಲಿನ ಮೆಸೇಜಿಗೆ ವಾಪಸ್ ಹೋದಳು. 'ಒಪ್ಪಿಕೊಂಡ' ಆದ ಮೇಲೆ ಏನಿದೆಯೆಂದು ನೋಡಿದಳು.

"ಅತ್ತಿ ಮೇಡಮ್ಮೋರೆ, ಜನ ನೂಕ್ತಾವ್ರೆ," ಎಂದರು ಹಿಂದಿನಿಂದ ಪುಟ್ಟತಾಯಮ್ಮ.

ಅವಳು ಹತ್ತಲಿಲ್ಲ. ಕೈಯಲ್ಲಿ ಫೋನು ಮತ್ತೆ ಅದುರಿತು.

'ಗುಬ್ಬಿಗೆ ಹೋಗಿದೀಯಂತೆ; ಯಾರ ಮನೆಗೆ ಕಣೇ?'